ಹದಿನೆಂಟಡಿ ದೂರದ ಬಾವಿ

...ಅಲ್ರೀ ಮೇಷ್ಟ್ರೇ, ನಮ್ಮ ಮನೆ ಕೊಳ್ಳೋಕೆ ಬಂದೀರೋ, ಪಾಯಿಖಾನೆ ಗುಂಡಿ ತಪಾಸಣೆಗೆ ಬಂದೀರೋ? ಸೊರಬದಿಂದ ಶಿಕಾರಿಪುರಕ್ಕೆ ವರ್ಗ ಆಗಿ ತಿಂಗಳಾಗಿಲ್ಲ, ಆಗಲೇ ಟೇಪು ಹಿಡ್ಕೊಂಡು ನಿಂತೀರಲ್ಲ! ಗುಂಡಿಗೂ ಬಾವಿಗೂ ಹದಿನೆಂಟಡಿ... ಆಯ್ತು, ಹದಿನೆಂಟೇ. ಐವತ್ತಿರಬೇಕಂತಾ? ಯಾರಂದ್ರು? ಓಹೋ, ಆ ಹೆಲ್ತ್ ಇನ್‌ಸ್ಪೆಕ್ಟ್ರು! ಅವರಿಗೇನ್ರೀ, ಸೈಕಲ್ ಮೇಲೆ ಬರ್ತಾರೆ, ನಮ್ಮನೆ ಕಾಫಿ ಕುಡೀತಾರೆ, ನಮಗೇ ರೂಲ್ಸು ಹೇಳ್ತಾರೆ.

ನಗ್ತೀರಾ? ನಗ್ರಿ, ನಗ್ರಿ. ಈ ಕೆರೆದಂಡೆ ಸಾಲಲ್ಲಿ ಮೊದಲು ಪಾಯಿಖಾನೆ ಕಟ್ಟಿಸಿದೋನು ಈ ಶಿವಮೂರ್ತಪ್ಪ! ಮಿಕ್ಕೋರೆಲ್ಲ ಪೊದೆ ಹುಡುಕ್ತಿದ್ದಾಗ ನಾನು ಬ್ಲಾಕ್ ಆಫೀಸಿಂದ ಸಿಮೆಂಟ್ ಚಪ್ಪಡಿ ತರಿಸಿದೆ. ಬಾವಿ ಪಕ್ಕಾನೇ ಯಾಕಾ? ನೀರು ಕೈಗೆ ಸಿಗಲಿ ಅಂತ! ನಮ್ಮನೆಯವಳು ಹಾಲಮ್ಮ, ಸೊಂಟ ನೋವಿನೋಳು, ಕೊಡ ಹೊತ್ಕೊಂಡು ಐವತ್ತಡಿ ನಡೀಬೇಕಿತ್ತಾ?

ಏನು... ಕ್ರಯಪತ್ರದಲ್ಲಿ ಇದನ್ನೂ ಬರೆಸ್ಬೇಕಾ? ಭೇಷ್! ಚಕ್ಕುಬಂದಿಗೇ ಸೇರಿಸೋಣ ಬಿಡ್ರಿ. ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹುಚ್ಚರಾಯಪ್ಪನ ಹಿತ್ತಲು, ದಕ್ಷಿಣಕ್ಕೆ ಶಿವಮೂರ್ತಪ್ಪನವರ ಘನವಾದ ಗುಂಡಿ! ಸಬ್‌ರಿಜಿಸ್ಟ್ರಾರು ಮೂಗು ಮುಚ್ಕೊಂಡು ಸೀಲು ಒತ್ತಲಿ.

ನಿಮ್ಮನೆಯವರು ಬಸುರಿ ಅಂದ್ರಿ. ಒಳ್ಳೇದಾಗ್ಲಿ. ಬೆಳಗೆದ್ರೆ ಕೆರೆ ಗಾಳಿ, ಇನ್ನೇನು ಬೇಕ್ರೀ? ನೀರಾ? ಸೇದಿ ನೋಡ್ರಿ. ಹಾಂ... ಹೆಂಗೆ ತಿಳಿಯಾಗಿದೆ ನೋಡ್ರಿ!

ಯಾಕ್ರೀ, ತಂಬಿಗೆ ನನ್ನ ಕಡೆ ಚಾಚ್ತೀರಿ? ನನಗ್ಯಾಕೆ? ಈಗ ತಾನೆ ಮಜ್ಜಿಗೆ ಕುಡಿದೆ... ಬೇಡ್ರೀ, ನೆಗಡಿ ಬೇರೆ... ಅಯ್ಯೋ, ಬಾಯಿ ಹತ್ರಾನೇ ತರ್ತೀರಲ್ಲ ಮೇಷ್ಟ್ರೇ! ಬೇಕಾದ್ರೆ ಬೈಯ್ರಿ! ತಂಬಿಗೆ ಮಾತ್ರ ಹಿಂದಕ್ಕೆ ತಗೊಳ್ರಿ...

...ಚೆಲ್ಲಿಬಿಡ್ರಿ ಅದನ್ನ. ಹೋದ ಮಳೆಗಾಲದಿಂದ ನಾವೇ ಬಾಯಿಗೆ ಹಾಕಿಲ್ಲ. ಮಗಳು ತೌರಿಗೆ ಬಂದಿದ್ಲು, ಮೂರು ವರ್ಷದ ಕೂಸು ಕರ್ಕೊಂಡು. ಕೂಸಿಗೆ ವಾಂತಿಭೇದಿ... ಎರಡೇ ದಿನ, ಹೋಗ್ಬಿಡ್ತು. ಇನ್‌ಸ್ಪೆಕ್ಟ್ರು ನನ್ನೊಬ್ಬನ್ನೇ ಕರೆದು ಹೇಳಿದ್ರು, ಈ ನೀರೇ ಅಂತ. ಅದನ್ನ ಮುಚ್ಚಿಟ್ಟು ನಿಮ್ಮ ತಲೆಗೆ ಕಟ್ಟೋಕೆ ಹೊರಟಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಆದ್ರೆ ಒಂದು ಮಾತು ನಡೆಸಿಕೊಡ್ರಿ. ಹಾಲಮ್ಮ ಒಳಗಿದಾಳೆ, ಅವಳಿಗೆ ಕೇಳಿಸೋದು ಬೇಡ. ಕೂಸಿಗೆ ದೃಷ್ಟಿ ತಾಗ್ತು ಅಂದ್ಕೊಂಡಿದಾಳೆ. ಬಾವಿ ಉಪ್ಪಾಯ್ತು ಅಂತ ಸುಳ್ಳು ಹೇಳಿ ಬೀದಿ ಬಾವಿ ನೀರು ತರಿಸ್ತಿದೀನಿ. ಬಾಯಾರಿಕೆ ಅಂತ ಕೂಸು ಅಳ್ತಿದ್ದಾಗ ಈ ನೀರು ಕುಡಿಸಿದೋಳು ಅವಳೇ ಕಣ್ರೀ.