ಜ್ವರಕ್ಕೂ ಮನೆಗೂ ಒಂದೇ ಮಾತು

ಮೂಡಿಗೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ಮಗಳು ಆಗಷ್ಟೇ ಒಂದು ಹೋಂಸ್ಟೇಯಲ್ಲಿ ಕೆಲಸದ ಸಂದರ್ಶನ ಮುಗಿಸಿ ಬಂದಿದ್ದಳು.

“ಒಂದೇ ತಪ್ಪಾಯ್ತು ಅಮ್ಮ. ‘ಮೈ ಮದರ್ ಹ್ಯಾವ್ ಎ ಹೌಸ್’ ಅಂದ್ಬಿಟ್ಟೆ.”

“ಅದ್ರಲ್ಲಿ ತಪ್ಪೇನು ಸ್ವಾತಿ? ಮನೆ ಇದೆಯಲ್ಲ.”

“ನನಗಿದೆ ಅನ್ನೋಕೆ ಹ್ಯಾವ್. ಅಮ್ಮನಿಗಿದೆ ಅನ್ನೋಕೆ ಹ್ಯಾಸ್.”

“ಅಮ್ಮನಿಗೆ ಜ್ವರ ಇದೆ ಅನ್ನೋಕೆ?”

“ಅದಕ್ಕೂ ಹ್ಯಾಸ್.”

“ಜ್ವರಕ್ಕೂ ಮನೆಗೂ ಒಂದೇ ಮಾತಾ ಮಾರಾಯ್ತಿ! ಜ್ವರ ಮೂರು ದಿನಕ್ಕೆ ಬಿಟ್ಟು ಹೋಗ್ತದೆ. ಇಪ್ಪತ್ತು ವರ್ಷ ಎಸ್ಟೇಟಿನವರು ಕೊಟ್ಟ ಲೈನ್ ಮನೇಲಿದ್ದು, ಈಗ ನನ್ನ ಹೆಸರಿಗೇ ಒಂದು ಮನೆಯ ಹಕ್ಕುಪತ್ರ ಬಂದಿದೆ. ಅದಕ್ಕೆ ಬೇರೆ ಮಾತಿಲ್ವಾ?”

ಸ್ವಾತಿ ಸ್ವಲ್ಪ ಯೋಚಿಸಿದಳು.

“ಇದೆ. ‘ಓನ್ಸ್’ ಅಂತ. ಮೈ ಮದರ್ ಓನ್ಸ್ ಎ ಹೌಸ್.”

“ಜ್ವರಕ್ಕೆ ಅದನ್ನ ಹೇಳಂಗಿಲ್ಲ ತಾನೆ?”

“ಇಲ್ಲ.”

“ನಾನೇ ಹೇಳ್ಕೊಳ್ಳೋದಾದ್ರೆ?”

“ಐ ಓನ್ ಎ ಹೌಸ್.”

ತಾಯಿ ಮೆಲ್ಲಗೆ ಹೇಳಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ಬಾಳೂರಿನ ಬಸ್ಸು ಬಂತು. ಮೆಟ್ಟಿಲು ಹತ್ತುವಾಗಲೇ ಅವರಿಗೆ ನೆನಪಾದದ್ದು.

“ಅಲ್ಲ, ಕೆಲಸದ್ದು ಏನಂದ್ರು?”

“ಸೋಮವಾರದಿಂದ ಬಾ ಅಂದ್ರು.”