ಐದು ತಿಥಿ ಉಂಡವನ ತೂಕ

ಈ ಸಭೆಯ ಅಧ್ಯಕ್ಷರಾದ ನೀಲಕಂಠಸ್ವಾಮಿಯವರೇ, ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಉಷಾರಾಣಿಯವರೇ, ಬಿಸಿಲಲ್ಲಿ ನಡೆದು ಬಂದು ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಕಾಕನಕೋಟೆಯ ಕಡೆಯ ಖೆಡ್ಡಾದಲ್ಲಿ ಹಗ್ಗ ಕಿತ್ತುಕೊಂಡು ಓಡಿದ ಸಲಗವನ್ನು ಬಾಲ ಹಿಡಿದು ನಿಲ್ಲಿಸಿದವನು ಯಾರು? ಈ ಹುಚ್ಚಯ್ಯ! ಆಗ ನನಗೆ ಒಂಬತ್ತು ವರ್ಷ. ಪೇಪರಿನವರು ಫೋಟೊ ತೆಗೆಯುವಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು, ಹೋಗಿಬಿಟ್ಟೆ. ಅದಕ್ಕೇ ಸಾಕ್ಷಿ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನನ್ನು ಇಂದು ಹನಗೋಡಿನ ಈ ಹಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ, ತೂಕ ಇಳಿಸಿದ ಸಾಧಕ ಎಂದು ಕರೆಯುತ್ತಿದ್ದೀರಿ.

ಇಳಿಸಿದ್ದು ಸಾಧನೆ, ಒಪ್ಪಿದೆ. ಏರಿಸಿದ್ದು ಸಾಧನೆಯಲ್ಲವೇ? ಅರವತ್ತೆರಡು ಕೆಜಿ ಇದ್ದವನು ಐದು ವರ್ಷದಲ್ಲಿ ನೂರಾ ಹದಿನೆಂಟಾದೆ. ಸುಮ್ಮನೆ ಆಗುತ್ತದೆಯೇ? ಮುದ್ದೆ ಎಂಟು, ಅದರ ಮೇಲೆ ಅನ್ನ, ಅನ್ನದ ಮೇಲೆ ಹೋಟೆಲಿನ ಬೋಂಡ. ನನ್ನ ಹೆಂಡತಿ ಪುಟ್ಟತಾಯಮ್ಮ ಮುದ್ದೆ ಕೋಲು ಎರಡು ಮುರಿದಳು. ಒಂದು ಹಿಟ್ಟು ತೊಳಸುವಾಗ. ಇನ್ನೊಂದರ ವಿಚಾರ ಇಲ್ಲಿ ಬೇಡ.

ಈ ಸಾಧನೆ ಎಲ್ಲಿ ಶುರುವಾಯಿತು ಗೊತ್ತೇ? ತೊಂಬತ್ತೆಂಟರಲ್ಲಿ. ಬೀಗರೂಟಕ್ಕೆ ಹೊರಟಿದ್ದ ನಮ್ಮೂರ ಟ್ರ್ಯಾಕ್ಟರು ನಾಲೆ ಏರಿಯ ಮೇಲೆ ಮಗುಚಿತು. ಟ್ರೇಲರಿನ ಎಡಗಡೆ ಕೂತಿದ್ದ ಐವರು ಅಡಿಗೆ ಸಿಕ್ಕಿ ಹೋದರು. ನನ್ನ ಗೆಳೆಯ ಲಿಂಗರಾಜು ಅವರಲ್ಲೊಬ್ಬ. ಬಲಗಡೆ ಕೂತಿದ್ದ ನಾನು ಹುಲ್ಲಿನ ಮೇಲೆ ಎಗರಿ ಬಿದ್ದೆ. ಅಂಗಿಯ ಗುಂಡಿ ಕೂಡ ಕಿತ್ತಿರಲಿಲ್ಲ.

ಒಂದೇ ದಿನ ಸತ್ತವರ ತಿಥಿಯೂ ಒಂದೇ ದಿನ ತಾನೇ? ಅಂದು ಐದು ಮನೆಯಲ್ಲೂ ಎಲೆ ಹಾಕಿದರು. ಐದು ಮನೆಯವರೂ ನನ್ನನ್ನು ಕರೆದರು.

"ಕಡೇಗೆ ಅವುನ್ ಜೊತೆ ಇದ್ದೋನು ನೀನು ಕಣಪ್ಪ. ನೀನು ಉಂಡ್ರೆ ಅವುನು ಉಂಡಂಗೆ."

ಬೇಡ ಅನ್ನುವುದಾದರೂ ಹೇಗೆ? ಐದು ಎಲೆಯನ್ನೂ ಖಾಲಿ ಮಾಡಿದೆ. ಆ ದಾಖಲೆ ಈ ತಾಲ್ಲೂಕಿನಲ್ಲಿ ಇನ್ನೂ ನನ್ನ ಹೆಸರಲ್ಲೇ ಇದೆ! ಕೊನೆಯ ಎಲೆ ಲಿಂಗರಾಜುವಿನ ಮನೆಯದು. ಅವನ ತಾಯಿ ಚಿಕ್ಕಬೀರಮ್ಮ ತಾನೇ ಬಡಿಸಿದಳು. ಅಗಿಯುತ್ತಿದ್ದಾಗ ನನಗೊಂದು ತಿಳಿಯಿತು. ಹನ್ನೊಂದು ದಿನದಿಂದ ಕಿವಿಯೊಳಗೆ ಕೂಗುತ್ತಿದ್ದವರು, ಬಾಯಿ ಆಡುವಷ್ಟು ಹೊತ್ತು ಕೂಗುವುದಿಲ್ಲ.

ಆಮೇಲೆ ನಾನು ಬಾಯಿ ನಿಲ್ಲಿಸಲಿಲ್ಲ.

ಮಂಡಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಈ ಡಾಕ್ಟರಮ್ಮ ಏನಂದರು? "ಎಷ್ಟು ತಿಂತೀರಿ ಅಂತ ಕೇಳಲ್ಲ ಹುಚ್ಚಯ್ಯನವರೇ. ಯಾವಾಗ ತಿಂತೀರಿ, ಅದನ್ನ ಹೇಳಿ."

"ಟ್ರ್ಯಾಕ್ಟ್ರು ಸದ್ದು ಕೇಳ್ದಾಗ ಕಣಮ್ಮ," ಎಂದೆ. ಹೊಗೆಸೊಪ್ಪಿನ ಸೀಮೆಯಲ್ಲಿ ಟ್ರ್ಯಾಕ್ಟರಿನ ಸದ್ದು ಯಾವಾಗ ನಿಲ್ಲುತ್ತದೆ ಸ್ವಾಮಿ? ನಾನು ನಕ್ಕೆ. ಅವರು ನಗಲಿಲ್ಲ.

"ಆ ಸದ್ದಿನ ಜೊತೆ ಏನೋ ನುಂಗ್ತಾ ಇದ್ದೀರಿ. ಅದನ್ನ ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ಬಿಡಿ."

ಹೇಳಲು ಎರಡು ತಿಂಗಳು ಹಿಡಿಯಿತು. ಕಡೆಗೊಂದು ಸಂಜೆ ಚಿಕ್ಕಬೀರಮ್ಮನ ಜಗಲಿಯಲ್ಲಿ ಕೂತೆ. ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಮದ್ಲು ಎಡಗಡೆ ಕೂತಿದ್ದೋನು ನಾನು ಕಣವ್ವ. ಬಿಸ್ಲು ಬೀಳ್ತದೆ ಅಂತ ಲಿಂಗರಾಜುನ್ ಜಾಗ ಕೇಳ್ದೆ. ಅವುನು ಎದ್ದು ನನ್ ಜಾಗುಕ್ ಬಂದ."

ಅವಳ ಕೈ ನಿಂತಿತು. ಬೈಯಲಿ ಎಂದು ಕಾದೆ.

"ಅವುನೇನಂದ?"

"ಬಾರ್ಲಾ ಮದ್ಲಿಂಗ, ಕಪ್ಪಾಗೋದೀಯ, ಅಂದ. ನಗ್ತಿದ್ದ."

"ನಗ್ತಿದ್ನಾ?"

"ಊಂ ಕಣವ್ವ."

"ನೋಡ್ದ್ಯಾ ನೀನು? ನಗ್ತಿದ್ನಾ?"

ಮತ್ತೆ ಮತ್ತೆ ಕೇಳಿದಳು. ಕೇಳಿದಷ್ಟು ಸಲವೂ ಹೇಳಿದೆ. ಮಗನ ಕೊನೆಯ ಮಾತನ್ನು ಅವಳಿಂದ ಐದು ವರ್ಷ ಬಚ್ಚಿಟ್ಟು, ಅದರ ಮೇಲೆ ಮುದ್ದೆ ಒಟ್ಟುತ್ತಿದ್ದೆನಲ್ಲ! ಅಂದು ಅವಳು ಉಣ್ಣು ಎನ್ನಲಿಲ್ಲ. ಬೀದಿಯಲ್ಲಿ ಟ್ರ್ಯಾಕ್ಟರು ಹೋಯಿತು. ನನಗೆ ಹಸಿವೂ ಆಗಲಿಲ್ಲ.

ಆ ತಾಯಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಏಳಬೇಡ ಕಣವ್ವ, ಕೂತ್ಕೊ. ಅವಳಿಗೂ ಡಾಕ್ಟರಮ್ಮನಿಗೂ ನನ್ನನ್ನು ಇಷ್ಟು ಹೊತ್ತು ಸಹಿಸಿದ ನಿಮಗೂ ವಂದನೆಗಳು.

ಇನ್ನೊಂದು ಮಾತು. ನಾನು ನಲವತ್ತು ಕೆಜಿ ಇಳಿಸಿದೆ ಎಂದು ಆಗಲೇ ನಿರೂಪಕರು ಓದಿದರಲ್ಲ, ಆ ಚೀಟಿ ಬರೆಸಿದವನು ನಾನೇ. ಡಾಕ್ಟರಮ್ಮ ಆಗಿನಿಂದ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಾರೆ. ಡಾಕ್ಟರಮ್ಮನ ತೂಕ ಇಳಿಸುವ ಶಿಬಿರಕ್ಕೆ ಬಂದವರಲ್ಲಿ ಇಳಿದವನು ನಾನೊಬ್ಬನೇ, ಮಿಕ್ಕವರೆಲ್ಲ ಏರಿದ್ದಾರೆ, ಅದು ದೇವರಾಣೆ ನಿಜ. ಆದರೆ ಚಿಕ್ಕಬೀರಮ್ಮನ ಎದುರು ನಾನು ಲೆಕ್ಕ ತಪ್ಪಿ ಹೇಳಲಾರೆ. ಕಳೆದುಕೊಂಡದ್ದು ನಾಲ್ಕೂವರೆ ಕೆಜಿ.

ನಮಸ್ಕಾರ.