ನಿಮ್ಮಜ್ಜನ ಬೈಕು ನಾನು ಬಿಚ್ಚಿದ್ದು

ಅಲ್ಲ ಕಣ್ರೋ, ಅದನ್ನ ಹುಣಸೆಹಣ್ಣು ಹಾಕಿ ಉಜ್ಜಿದ್ದು ನಾನು, ಯಾವ ಮೆಕ್ಯಾನಿಕ್ಕೂ ಅಲ್ಲ. ಹಂಗೆ ಫಳಫಳ ಅಂತ ನಿಂತೈತಲ್ಲ, ಬಂದೋರೆಲ್ಲ ‘ಕುರಿ ಡಾಕ್ಟ್ರ ಬೈಕು ಇನ್ನೂ ಹೊಸದ್ರಂಗೈತೆ’ ಅಂತಾರಲ್ಲ, ಅದು ಬರೀ ಮೇಲ್ಗಡೆ. ಒಳಗೆ ಜೀವ ಇಲ್ಲ. ನೀವು ಎಷ್ಟು ಒದ್ರೂ ಅಷ್ಟೆಯಾ, ಕಾಲು ನೋವು ಬರುತ್ತೆ. ನಿಮ್ಮಜ್ಜ ಡಾಕ್ಟ್ರೂ ಅಲ್ಲ ಬಿಡಿ, ದನದಾಸ್ಪತ್ರೇಲಿ ಕಾಂಪೌಂಡ್ರು, ಆದ್ರೆ ಯಗಟಿ ಕಡೆ ಕುರಿ ಹಟ್ಟಿಯೋರೆಲ್ಲ ಡಾಕ್ಟ್ರೇ ಅಂತಿದ್ರು. ಆ ಬೈಕಲ್ಲೇ ಹೋಗೋರು, ಹಿಂದ್ಗಡೆ ಇಂಜೆಕ್ಷನ್ ಪೆಟ್ಟಿಗೆ ಕಟ್ಕೊಂಡು. ನಾನು ಮದ್ವೆಯಾಗಿ ಈ ಪಂಚನಹಳ್ಳಿಗೆ ಬಂದಿದ್ದೇ ಅದ್ರ ಮೇಲೆ... ಇಲ್ಲ ಇಲ್ಲ, ಮದ್ವೇಲಿ ಬಂದಿದ್ದು ವ್ಯಾನು, ಬೈಕು ತಗೊಂಡಿದ್ದು ಆಮೇಲೆ, ನಿಮ್ಮಪ್ಪ ಹೊಟ್ಟೇಲಿದ್ದಾಗ. ಒದೆಯೋ ಸರಳೇ ಅದ್ರಲ್ಲಿ ಗೇರೂ ಆಗೋದು, ಒದ್ದು ಸ್ಟಾರ್ಟ್ ಮಾಡಿ ಅದನ್ನೇ ಮಡಚ್ಕೊಂಡ್ರೆ ಗೇರು. ಭಾನುವಾರ ಬಂದ್ರೆ ಅಂಗಳದಲ್ಲಿ ಅದ್ರ ಮುಂದೆ ಕುಕ್ಕರಗಾಲಲ್ಲಿ ಕೂತ್ಬಿಟ್ರೆ ಊಟಕ್ಕೆ ಎಬ್ಬಿಸೋದೇ ಒಂದು ಕೆಲಸ ನಂಗೆ. ರಿಟೈರ್ ಆದ್ಮೇಲೆ ಒಂದು ಹಗುರದ ಗಾಡಿ ತಗೊಂಡ್ರು, ಇದನ್ನ ಹಿತ್ತಿಲ ಕೊಟ್ಟಿಗೆಗೆ ತಳ್ಳಿದ್ರು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡೋವು.

ಆಮೇಲೆ ಲಕ್ವ ಹೊಡೀತು ನೋಡಿ. ಬೆಳಿಗ್ಗೆ ಹಲ್ಲುಜ್ತಾ ಇದ್ದೋರು ಹಂಗೇ ಗೋಡೆಗೆ ಒರಗ್ಬಿಟ್ರು. ಕಡೂರಿಗೆ ಎತ್ತಾಕ್ಕೊಂಡು ಹೋದ್ವಿ, ಅಲ್ಲಿಂದ ಚಿಕ್ಕಮಗಳೂರಿಗೆ. ಜೀವ ಉಳೀತು. ಬಲಗೈ, ಬಲಗಾಲು ಹೋಯ್ತು. ಮಾತೂ ಹೋಯ್ತು. ಪೂರ್ತಿ ಹೋಗ್ಲಿಲ್ಲ, ಒಂದೇ ಒಂದು ಮಾತು ಉಳೀತು, ‘ಬೇಡ’. ಏನ್ ಕೇಳಿದ್ರೂ ಬೇಡ. ನೀರು ಬೇಕಾ ಅಂದ್ರೆ ‘ಬೇಡ’ ಅನ್ನೋರು, ಲೋಟಕ್ಕೆ ಕೈ ಚಾಚೋರು. ಬೇಕು ಅನ್ನಕ್ಕೂ ಅದೇ, ಬೇಡ ಅನ್ನಕ್ಕೂ ಅದೇ. ಡಾಕ್ಟ್ರು ಅಂದ್ರು, ‘ಅವ್ರಿಗೆ ಒಳಗೆ ಎಲ್ಲಾ ಗೊತ್ತಾಗುತ್ತಮ್ಮ, ಬಾಯಿಗೆ ಬರ್ತಿಲ್ಲ ಅಷ್ಟೆ.’ ಗೊತ್ತಾಗುತ್ತೆ ಅಂತ ಗೊತ್ತಾದ್ಮೇಲೆ ಇನ್ನೂ ಸಂಕಟ ಕಣ್ರೋ. ಬರ್ತಾ ಬರ್ತಾ ರಾಗದ ಮೇಲೆ ಕಂಡುಹಿಡಿಯೋದು ಕಲ್ತೆ ನಾನು. ಎಳೆದು ಅಂದ್ರೆ ಬೇಕು, ಕಡಿದು ಅಂದ್ರೆ ಬೇಡ. ಅಂದ್ರೆ, ನಾನು ಹಂಗಂದ್ಕೊಂಡಿದ್ದೆ.

ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸ್ತಿದ್ದೆ, ಬಿಸಿಲು ಬೀಳ್ಲಿ ಅಂತ. ದಿನಾ ಎಡಗೈ ಎತ್ತಿ ಕೊಟ್ಟಿಗೆ ಕಡೆ ತೋರ್ಸೋರು. ‘ಬೇ...ಡ, ಬೇ...ಡ.’ ಕಣ್ಣಲ್ಲಿ ನೀರು. ಕೋಳಿ ಓಡ್ಸ್ಬೇಕಾ ಅಂದೆ, ಓಡಿಸ್ದೆ. ಅಲ್ಲ. ದನಕ್ಕೆ ಹುಲ್ಲು ಹಾಕ್ಬೇಕಾ? ಅಲ್ಲ. ಕೊನೆಗೆ ಬೈಕಿನ ಮೇಲೆ ಕೈಯಿಟ್ಟು ‘ಇದಾ?’ ಅಂದೆ, ಗೊಳೋ ಅಂತ ಅತ್ಬಿಟ್ರು. ‘ರಿಪೇರಿ ಮಾಡ್ಬೇಕೇನ್ರೀ?’ ಅಂದೆ. ‘ಬೇ...ಡ.’ ಎಳೆದೇ ಅಂದ್ರು. ಸರಿ, ಮಾಡಾಣ ಅಂದೆ.

ನಿಮ್ಮಪ್ಪ ಬೈದ. ‘ಅಮ್ಮಾ, ನಿಂಗೇನು ತಲೆ ಕೆಟ್ಟೈತಾ? ಗುಜರಿಗೆ ಹಾಕೋ ಗಾಡಿ ಅದು. ಅಪ್ಪಂಗೆ ಕೈಯಿಲ್ಲ, ನಿಂಗೆ ನೆಟ್ಟು ಯಾವ್ದು ಬೋಲ್ಟು ಯಾವ್ದು ಗೊತ್ತಿಲ್ಲ!’ ಕೈ ನಂದು ಐತಲ್ಲೋ, ತಲೆ ಅವ್ರದು ಐತೆ, ಅಂದೆ ನಾನು. ಅದೇನು ಧೈರ್ಯವೋ. ಅವ್ನು ಬೈಕೊಂಡೇ ತಳ್ಕೊಂಡು ಬಂದು ಕುರ್ಚಿ ಮುಂದೆ ನಿಲ್ಲಿಸ್ದ. ಅವ್ರು ಎಡಗೈ ಬೆರಳಲ್ಲಿ ತೋರ್ಸೋದು, ನಾನು ಬಿಚ್ಚೋದು. ತಪ್ಪು ಸ್ಪ್ಯಾನರ್ ತಗೊಂಡ್ರೆ ‘ಬೇಡ!’ ಅಂತ ಕಡಿದು ಅನ್ನೋರು, ಸರಿಯಾದ್ದು ತಗೊಂಡ್ರೆ ಎಳೆಯೋರು. ಪಿಸ್ಟನ್ನು ತುಕ್ಕು ಹಿಡಿದು ಕಚ್ಕೊಂಬಿಟ್ಟಿತ್ತು, ಪ್ಲಗ್ಗಿನ ತೂತಿಂದ ಸೀಮೆಎಣ್ಣೆ ಹುಯ್ದು ವಾರಗಟ್ಟಲೆ ನೆನೆ ಹಾಕಿದ್ವಿ, ಕಡಲೆಕಾಳು ನೆನೆ ಹಾಕ್ದಂಗೆ. ಈಚೆಗೆ ತೆಗೆದ ಸಾಮಾನೆಲ್ಲ ರಾಗಿ ಕೇರೋ ಮೊರದಲ್ಲಿ ಜೋಡಿಸ್ತಿದ್ದೆ. ಯಾವ್ದು ಎಲ್ಲಿಗೆ ಅಂತ ನಂಗೇನು ಗೊತ್ತು, ಅವ್ರಿಗೆ ಗೊತ್ತಲ್ಲ ಅಂತ ಬಿಟ್ಟಿದ್ದೆ. ಆ ದಿನಗಳು ಚೆನ್ನಾಗಿದ್ವು ಕಣ್ರೋ, ಸುಳ್ಳು ಯಾಕೆ ಹೇಳ್ಲಿ. ನನ್ನ ಮೂಗಿಗೆಲ್ಲ ಮಸಿ ಮೆತ್ಕೊಂಡಿತ್ತು, ನೋಡಿ ನಕ್ಬಿಟ್ರು ಒಂದಿನ. ಸೊಟ್ಟ ಬಾಯಲ್ಲಿ, ಅರ್ಧ ನಗೆ.

ಆ ನಗೆ ಕೊನೇದು. ಶ್ರಾವಣದಲ್ಲಿ ಇನ್ನೊಂದು ಸಲ ಹೊಡೀತು. ಸಣ್ಣದು ಅಂದ್ರು ಆಸ್ಪತ್ರೇಲಿ. ಸಣ್ಣದಂತೆ! ಮನೆಗೆ ಕರ್ಕೊಂಡು ಬಂದು ಅದೇ ಕುರ್ಚೀಲಿ ಕೂರಿಸಿ, ಖುಷಿ ಆಗ್ಲಿ ಅಂತ ಮೊರ ತಂದು ತೊಡೆ ಮೇಲಿಟ್ಟೆ. ನೋಡಿದ್ರು. ಕಾರ್ಬೋರೇಟರ್ ತಗೊಂಡ್ರು ಎಡಗೈಲಿ, ಈ ಕಡೆ ತಿರುಗಿಸಿದ್ರು, ಆ ಕಡೆ ತಿರುಗಿಸಿದ್ರು. ಆಮೇಲೆ ಬಾಯಿಗೆ ಇಟ್ಕೊಳಕ್ಕೆ ಹೋದ್ರು. ತಿನ್ನೋ ಸಾಮಾನು ಅಂದ್ಕೊಂಡ್ರೇನೋ. ನಾನು ಕಿತ್ಕೊಂಡೆ. ಸೆರಗಲ್ಲಿ ಅವ್ರ ಬಾಯಿ ಒರೆಸ್ದೆ, ಮೊರ ಎತ್ಕೊಂಡು ಒಳಗೆ ಬಂದು ಅಟ್ಟದ ಕೆಳಗೆ ಕೂತ್ಕೊಂಡೆ. ಅಷ್ಟು ವರ್ಷದಿಂದ ಆ ತಲೇಲಿದ್ದಿದ್ದೆಲ್ಲ ಒಂದು ಬೆಳಿಗ್ಗೆಗೆ ಹೋಯ್ತಲ್ಲಪ್ಪಾ ಅಂತ.

ಆಗ್ಲೇ ಬಿಟ್ಬಿಡ್ಬೇಕಾಗಿತ್ತು. ಬಿಡ್ಲಿಲ್ಲ. ಬಿಟ್ರೆ ಅವ್ರನ್ನೇ ಬಿಟ್ಟಂಗೆ ಅನ್ನಿಸ್ತು. ಹೋಗ್ಲಿ ಇಂಜಿನ್ ಆದ್ರೂ ಗೊತ್ತಿರೋರಿಗೆ ತೋರ್ಸಾಣ ಅಂತ ನಿಮ್ಮಪ್ಪನ್ನ ಗೋಗರೆದೆ. ತೆಂಗಿನಕಾಯಿ ಹೇರ್ಕೊಂಡು ತರೀಕೆರೆಗೆ ಹೋಗೋ ಗಾಡೀಲಿ ಇಂಜಿನ್ನೂ ಮೊರದ ಸಾಮಾನೂ ಗೋಣಿಚೀಲಕ್ಕೆ ತುಂಬ್ಕೊಂಡು ಹೋದ್ವಿ. ಬಸ್ ಸ್ಟ್ಯಾಂಡ್ ಹಿಂದೆ ಒಬ್ರು ಕಬ್ಬಿಣ ಕಡೆಯೋ ಲೇತ್ ಮಿಷಿನ್ ಇಟ್ಟವ್ರೆ, ವಯಸ್ಸಾದೋರು. ನೋಡಿದ್ರು, ಬೆರಳಾಡ್ಸಿದ್ರು, ಕನ್ನಡಕ ತೆಗೆದ್ರು. ‘ಅಮ್ಮಾ, ಇದನ್ನ ಯಾರು ಬಿಚ್ಚಿದ್ದು?’ ನಾನೇ ಅಂದೆ. ‘ಚೆನ್ನಾಗಿ ಬಿಚ್ಚೀರಿ. ಆದ್ರೆ ಸಿಲಿಂಡರ್ ಮುಂಚೆನೇ ಬೋರ್ ಮಾಡಿ ಮಾಡಿ ಸವೆದೋಗೈತೆ, ಇನ್ನು ಕೊರೆದ್ರೆ ಗೋಡೆನೇ ಉಳಿಯಲ್ಲ. ಅದು ಬೇರೆ ಹುಡುಕ್ಬೋದು ಅಂದ್ರೆ, ಇಲ್ಲಿ ನೋಡಿ, ಇಂಜಿನ್ ಮನೆನೇ ಸೀಳು ಬಿಟ್ಟೈತೆ. ಇದ್ರಲ್ಲಿ ಉಳ್ಸೋ ಅಂಥದ್ದೇನೂ ಇಲ್ಲ.’ ನಿಮ್ಮಪ್ಪ ನನ್ನ ಮುಖ ನೋಡ್ದ. ‘ಹಂಗಾರೆ ಹಂಗೇ ಜೋಡಿಸ್ಕೊಡಿ, ನೋಡಕ್ಕೆ ಬೈಕಿನ ಥರ ಇದ್ರೆ ಸಾಕು’ ಅಂದೆ ನಾನು. ಜೋಡಿಸಿ ಕೊಟ್ರು ಪುಣ್ಯಾತ್ಮರು.

ಆವಾಗ ಉಜ್ಜಿದ್ದು ನಾನು, ಹುಣಸೆಹಣ್ಣು, ಬೂದಿ, ಎಲ್ಲಾ ಹಾಕಿ. ಟ್ಯಾಂಕಿಗೆ ಬಣ್ಣ ಹೊಡೆಸ್ದೆ. ದೀಪಾವಳಿಗೆ ಅಂಗಳಕ್ಕೆ ತಂದು ನಿಲ್ಲಿಸಿ, ಹೂವ ಹಾಕಿ, ನಿಮ್ಮಪ್ಪನೂ ನಾನೂ ಸೇರಿ ಅವ್ರನ್ನ ಎತ್ತಿ ಕೂರಿಸಿದ್ವಿ. ಸ್ಟ್ಯಾಂಡ್ ಹಾಕಿತ್ತು, ಎರಡೂ ಕಡೆ ಹಿಡ್ಕೊಂಡಿದ್ವಿ. ಬಲಗೈನ ಹ್ಯಾಂಡಲ್ ಮೇಲೆ ನಾನೇ ಇಟ್ಟೆ, ಜಾರ್ತು, ಮತ್ತೆ ಇಟ್ಟೆ, ಜಾರ್ತು. ಎಡಗೈ ಮಾತ್ರ ತಾನೇ ಹೋಗಿ ಕ್ಲಚ್ ಹಿಡ್ಕೊಂತು. ಹಿಡ್ಕೊಂಡು, ಮೆಲ್ಲಗೆ ಬಿಟ್ರು. ಏನೂ ಆಗ್ಲಿಲ್ಲ, ಏನಾಗುತ್ತೆ ಅದ್ರಲ್ಲಿ? ನನ್ನ ಕಡೆ ತಿರುಗಿ ‘ಬೇಡ’ ಅಂದ್ರು. ಎಳೀಲೂ ಇಲ್ಲ, ಕಡೀಲೂ ಇಲ್ಲ. ನೀವು ನಾನು ಅಂತೀವಲ್ಲ, ಹಂಗೆ, ಸಾದಾ ಬೇಡ. ಇಳಿಸಿದ್ವಿ. ಆಮೇಲೆ ಒಂದಿನವೂ ಆ ಕಡೆ ಕೈ ಎತ್ಲಿಲ್ಲ ಅವ್ರು, ಕುರ್ಚಿ ಹಾಕಿದ್ರೂ ಗೋಡೆ ಕಡೆ ಮುಖ ಮಾಡೋರು. ಸಂಕ್ರಾಂತಿ ಕಳೆದು ಹೋಗ್ಬಿಟ್ರು.

ನಿಮ್ಮಪ್ಪ ಅಂತಾನೆ, ‘ಬಿಡಮ್ಮ, ಅಪ್ಪಂಗೆ ಆಸೆ ಇತ್ತು, ನೀನು ಮಾಡ್ದೆ.’ ಇತ್ತೋ ಇಲ್ವೋ ನಂಗೆ ಗೊತ್ತಿಲ್ಲ ಕಣ್ರೋ. ಕೊಟ್ಟಿಗೆ ಕಡೆ ಕೈ ಮಾಡಿ ಅತ್ರಲ್ಲ ದಿನಾ, ರಿಪೇರಿ ಮಾಡು ಅಂದ್ರಾ? ಅದನ್ನ ಕಣ್ಣಿಂದ ಆಚೆ ಹಾಕು, ನೋಡಕ್ಕಾಗ್ತಿಲ್ಲ ಅಂದ್ರಾ? ಆ ‘ಬೇಡ’ ಬೇಕು ಅಂತ ಇತ್ತೋ, ಬೇಡ ಅಂತಾನೇ ಇತ್ತೋ? ಒಂದು ಬೇಸಿಗೆ, ಒಂದು ಮಳೆಗಾಲ ಅವ್ರ ಕಣ್ಮುಂದೆ ಅದನ್ನೇ ಇಟ್ಟು ಬಿಚ್ಚಿದೀನಿ ನಾನು. ಯಾರನ್ನ ಕೇಳ್ಲಿ ಈಗ? ಅದಕ್ಕೇ ಹೇಳೋದು, ಬಾಯಿ ಆಡ್ತಿರೋವಾಗ್ಲೇ ಒಬ್ರಿಗೊಬ್ರು ಕೂತು ಮಾತಾಡ್ಕೊಂಬಿಡ್ಬೇಕು, ಏನ್ ಬೇಕು ಏನ್ ಬೇಡ ಅಂತ. ನಾಳೆ ಹೇಳಾಣ ಅಂತ ಇಟ್ಕೊಬಾರ್ದು. ಏಳಿ, ಏಳಿ, ಮುದ್ದೆ ತಣ್ಣಗಾದ್ರೆ ಗಂಟಲಲ್ಲಿ ಇಳಿಯಲ್ಲ.